ಎಲ್ಲರದೂ ಎದ್ದಿತ್ತು, ಜಯರಾಮಪ್ಪನವರದು ಬಿಟ್ಟು

ಶುಕ್ರವಾರ ಬೆಳಿಗ್ಗೆ ತಿಂಡಿ ಮುಗಿಸಿ ಜಯರಾಮಪ್ಪನವರು ತಮ್ಮ ಕಂಪ್ಯೂಟರನ್ನು ಮಲಗಲು ಬಿಟ್ಟರು. ಕೀಲಿಮಣೆ ಮುಟ್ಟಲಿಲ್ಲ, ಮೌಸ್ ಮುಟ್ಟಲಿಲ್ಲ, ಕೈಕಟ್ಟಿಕೊಂಡು ಎದುರಿಗೆ ಕೂತರು. ಸ್ವಲ್ಪ ಹೊತ್ತಿಗೆ ಪರದೆ ಮಂಕಾಯಿತು, ಆಮೇಲೆ ಕಪ್ಪಾಯಿತು. ಆ ಕಪ್ಪಿನಲ್ಲಿ ಅವರ ಮುಖವೂ ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರೂ ಕಂಡವು. ಇನ್ನು ಏಳಲಿ ಎಂದು ಮೌಸ್ ಅಲ್ಲಾಡಿಸಿದರು. ಏಳಲಿಲ್ಲ. ಕೀಲಿಮಣೆಯ ಎಲ್ಲಕ್ಕಿಂತ ಉದ್ದದ ಕೀಲಿಯನ್ನು ಒತ್ತಿದರು. ಒಳಗೆ ಫ್ಯಾನು ತಿರುಗುತ್ತಿತ್ತು, ಮುಂದೆ ಹಸಿರು ದೀಪ ಉರಿಯುತ್ತಿತ್ತು. ಪರದೆ ಮಾತ್ರ ಹಾಗೇ ಇತ್ತು.

ಅಡುಗೆಮನೆಯಿಂದ ಬಂದ ನಾರಾಯಣಮ್ಮ ಗಂಡನನ್ನೂ ಪರದೆಯನ್ನೂ ನೋಡಿದರು.

“ಯಾಕ್ರೀ, ಕನ್ನಡಿ ನೋಡ್ಕೊಳ್ತಾ ಇದ್ದೀರಾ?”

“ಏಳ್ತಾ ಇಲ್ಲ ಕಣೇ.”

“ಊರೋರದೆಲ್ಲಾ ಎಬ್ಬಿಸ್ದೋರು ನೀವು. ನಿಮ್ಮದೇ ಏಳಲ್ವಾ?”

ಜಯರಾಮಪ್ಪನವರಿಗೂ ಅರ್ಥವಾಗದಿದ್ದದ್ದು ಅದೇ.

ಮಂಡಿಕಲ್ ಪಕ್ಕದ ಊರಿನವರು ಅವರು. ತಾತನ ಕಾಲದಿಂದ ಬಂದ ಜಮೀನಿನಲ್ಲಿ ಈಗ ಸೇವಂತಿಗೆ ಬೆಳೆಯುವುದು ತಮ್ಮನ ಕೆಲಸ. ಜಯರಾಮಪ್ಪನವರು ನೌಕರಿ ಹಿಡಿದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಮೊದಲು ಕಂಬ ಹತ್ತಿದರು, ಆಮೇಲೆ ಒಳಗೆ ಕೂತು ತಂತಿ ಜೋಡಿಸಿದರು, ನಿವೃತ್ತರಾಗುವ ತನಕ ಅದನ್ನೇ ಮಾಡಿದರು. ಆ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಫೋನು ಕೆಟ್ಟಿದೆ ಎಂದು ದೂರು ಬಂದರೆ, ತಂತಿ ಸರಿ ಮಾಡಿದ ಮಾತ್ರಕ್ಕೆ ದೂರು ಮುಗಿಯುತ್ತಿರಲಿಲ್ಲ. ಆ ಮನೆಗೆ ಕರೆ ಮಾಡಿ, ಅತ್ತಲಿಂದ ‘ಸರಿ ಹೋಯ್ತು’ ಎಂಬ ಮಾತು ಕೇಳಿದ ಮೇಲೇ ಮುಗಿಯಿತು ಎಂದು ಲೆಕ್ಕ. ಸರಿ ಹೋಗದಿದ್ದರೆ ಜನ ಸುಮ್ಮನಿರುತ್ತಿರಲಿಲ್ಲ. ಪಕ್ಕದ ಮನೆಯ ಫೋನಿನಿಂದ ಕರೆದು ಬೈಯುತ್ತಿದ್ದರು. ಹೀಗಾಗಿ ‘ಸರಿ ಹೋಯ್ತು’ ಎಂದು ಯಾರಾದರೂ ಹೇಳಿದರೆ ಅದನ್ನು ಅನುಮಾನಿಸುವ ಅಭ್ಯಾಸವೇ ಅವರಿಗೆ ಬೆಳೆಯಲಿಲ್ಲ.

ನಿವೃತ್ತಿಯಾದ ಮೇಲೆ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ನಡೆದ ಕಾರ್ಯಾಗಾರಕ್ಕೆ ಹೋಗಿ ಬಂದರು. ಲಿನಕ್ಸ್ ಪರಿಚಯವಾದದ್ದು ಅಲ್ಲಿ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ, ಒಬ್ಬ ಮಾಲೀಕ ಅಂತ ಇಲ್ಲ, ಯಾರು ಬೇಕಾದರೂ ಒಳಗಿಳಿದು ನೋಡಬಹುದು, ತಿದ್ದಬಹುದು. ‘ಒಳಗಿಳಿದು ನೋಡಬಹುದು’ ಎಂಬ ಮಾತಿಗೆ ಜಯರಾಮಪ್ಪನವರು ಸೋತರು. ಎಕ್ಸ್‌ಚೇಂಜಿನ ಕಪಾಟು ತೆರೆದರೆ ಒಂದೊಂದು ತಂತಿಯೂ ಕಾಣುತ್ತಿತ್ತಲ್ಲ, ಇದೂ ಹಾಗೇ ಅನ್ನಿಸಿತು. ಬೆಂಗಳೂರಿನ ಕಂಪನಿಯೊಂದು ಬಿಟ್ಟ ಹಳೆಯ ಕಂಪ್ಯೂಟರ್ ತಂದು ಅದರಲ್ಲಿ ಲಿನಕ್ಸ್ ಹಾಕಿಕೊಂಡರು. ಟೆಲಿಗ್ರಾಂ ಆ್ಯಪಿನಲ್ಲಿ ಜಿಲ್ಲೆಯ ಲಿನಕ್ಸ್ ಬಳಕೆದಾರರದೊಂದು ಬಳಗವಿತ್ತು, ಅದಕ್ಕೆ ಸೇರಿದರು. ಮೊದಲು ಓದಿದರು. ನಂತರ ಒಬ್ಬೊಬ್ಬರಿಗೆ ಉತ್ತರ ಬರೆಯತೊಡಗಿದರು. ಒಂದೆರಡು ವರ್ಷದಲ್ಲಿ ‘ಜಯರಾಮಪ್ಪ ಸಾರನ್ನ ಕೇಳಿ’ ಎಂಬುದು ಬಳಗದ ವಾಡಿಕೆಯಾಯಿತು.

ಬಳಗದಲ್ಲಿ ಹೆಚ್ಚಿನವರದು ಇವರದರಂಥವೇ ಹಳೆಯ ಕಂಪ್ಯೂಟರುಗಳು. ಅವಕ್ಕೆಲ್ಲ ಒಂದೇ ಕಾಯಿಲೆ ಇತ್ತು. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಮಲಗುತ್ತವೆ, ಮಲಗಿದರೆ ಏಳುವುದಿಲ್ಲ. ಮಲಗಬೇಡ ಎಂದು ಸೆಟ್ಟಿಂಗ್‌ನಲ್ಲಿ ಗುರುತು ಮಾಡಿದರೂ ಕೇಳುವುದಿಲ್ಲ. ಸ್ವಿಚ್ಚು ಆರಿಸಿ ಹಾಕಬೇಕು. ಅಷ್ಟರಲ್ಲಿ ಉಳಿಸದೆ ಬಿಟ್ಟ ಕೆಲಸ ಹೋಗಿರುತ್ತದೆ. ಗೌರಿಬಿದನೂರಿನ ಆಶಾರಾಣಿ ಎಂಬಾಕೆ ಇದಕ್ಕೆ ಪರಿಹಾರ ಕೇಳಿದಾಗ ಜಯರಾಮಪ್ಪನವರು ಹಟ ಹಿಡಿದು ಹುಡುಕಿದರು. ಆಗಷ್ಟೇ ಅವರು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಆದರೂ ಇಂಗ್ಲಿಷ್ ಚರ್ಚಾ ತಾಣಗಳನ್ನು ದಿನಗಟ್ಟಲೆ ಓದಿ, ಕಂಪ್ಯೂಟರ್ ಶುರುವಾಗುವಾಗ ಓದಿಕೊಳ್ಳುವ ಕಡತವೊಂದಕ್ಕೆ ಸೇರಿಸಬೇಕಾದ ಒಂದು ಸಾಲನ್ನು ಹುಡುಕಿ ತೆಗೆದರು. ಆಶಾರಾಣಿ ಅದನ್ನು ಹಾಕಿ, ‘ಸರಿ ಹೋಯ್ತು ಸಾರ್, ತುಂಬಾ ಧನ್ಯವಾದ’ ಎಂದು ಬರೆದಳು. ಆಮೇಲೆ ಶಿಡ್ಲಘಟ್ಟದ ಉದಯಕುಮಾರ್ ಹಾಗೇ ಬರೆದ. ಚಿಂತಾಮಣಿಯ ಮೋಹನ್‌ಬಾಬು ಬರೆದ. ಬಳಗದ ವಾಡಿಕೆಯಂತೆ ಆ ಉತ್ತರಕ್ಕೆ ಹಸಿರು ಟಿಕ್ ಬಿತ್ತು, ಎಲ್ಲರಿಗೂ ಮೊದಲು ಕಾಣುವಂತೆ ಅದನ್ನು ಮೇಲೆ ಪಿನ್ ಮಾಡಿದರು.

ಜಯರಾಮಪ್ಪನವರು ಅದೇ ಸಾಲನ್ನು ತಮ್ಮ ಕಂಪ್ಯೂಟರಿಗೂ ಹಾಕಿದ್ದರು. ಪರೀಕ್ಷೆ ಮಾಡಿರಲಿಲ್ಲ. ಎಕ್ಸ್‌ಚೇಂಜಿನ ಕಾಲದಿಂದ ಅವರದು ಕೆಲಸ ಮುಗಿದ ಕೂಡಲೇ ಸ್ವಿಚ್ಚು ಆರಿಸುವ ಅಭ್ಯಾಸ. ಅವರ ಕಂಪ್ಯೂಟರಿಗೆ ಮಲಗುವ ಅವಕಾಶವೇ ಸಿಕ್ಕಿರಲಿಲ್ಲ.

ಈಗ ಪರೀಕ್ಷೆ ಮಾಡಲು ಕಾರಣ ಮಾಲಾ ಮೇಡಂ. ಹೋಬಳಿಯ ಪ್ರೌಢಶಾಲೆಯ ಮುಖ್ಯ ಶಿಕ್ಷಕಿ ಅವರು. ಶಾಲೆಯ ಲ್ಯಾಬಿನಲ್ಲಿದ್ದವೂ ಯಾರೋ ದಾನ ಕೊಟ್ಟ ಇದೇ ಜಾತಿಯ ಕಂಪ್ಯೂಟರುಗಳು. ಅವುಗಳಲ್ಲಿದ್ದ ಹಳೆಯ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂದಾಗ ಅವರು ಲಿನಕ್ಸ್ ಯೋಚನೆ ಮಾಡಿದ್ದರು. ಒಂದರಲ್ಲಿ ಹಾಕಿ ನೋಡಿದ್ದರು ಕೂಡ. ಪಾಠದ ಮಧ್ಯೆ ಅದು ಮಲಗಿ, ಒಂಬತ್ತನೇ ತರಗತಿಯ ಹುಡುಗಿ ಟೈಪ್ ಮಾಡಿದ್ದ ಪ್ರಬಂಧವೆಲ್ಲ ಹೋಗಿ ಆಕೆ ಅತ್ತಿದ್ದಳು. ಗುರುವಾರ ಮೇಡಂ ಫೋನು ಮಾಡಿದ್ದರು.

“ಸಾರ್, ಆ ಮಲಗೋ ಕಾಯಿಲೆ ವಾಸಿ ಆಗುತ್ತೆ ಅಂತ ನೀವು ಒಂದು ಮಾತು ಹೇಳಿ. ಸೋಮವಾರ ಹಳೇದನ್ನೆಲ್ಲಾ ಅಳಿಸಿ ಎಲ್ಲಾ ಕಂಪ್ಯೂಟರಿಗೂ ಹಾಕಿಸ್ಬಿಡ್ತೀನಿ. ಅಳಿಸಿದ ಮೇಲೆ ಮತ್ತೆ ವಾಪಸ್ ಹೋಗೋಕಾಗಲ್ಲ, ಅದಕ್ಕೇ ಕೇಳ್ತಿರೋದು.”

“ಆಗುತ್ತೆ ಮೇಡಂ. ಬಳಗದಲ್ಲಿ ಎಲ್ಲರದೂ ಆಗಿದೆ,” ಎಂದಿದ್ದರು ಜಯರಾಮಪ್ಪ.

ಎಲ್ಲರದೂ ಆಗಿದೆ, ನನ್ನದು ಆಗಿಲ್ಲ. ಹಾಗಾದರೆ ನನ್ನಲ್ಲೇ ಏನೋ ತಪ್ಪಿರಬೇಕು. ಹಾಕಿದ್ದ ಸಾಲನ್ನು ಅಕ್ಷರ ಅಕ್ಷರವಾಗಿ ನೋಡಿದರು. ಸರಿಯಿತ್ತು. ಬಳಗದಲ್ಲಿ ಕೇಳಬಹುದಿತ್ತು. ಆದರೆ ಔಷಧಿ ಕೊಟ್ಟವರೇ ‘ಇದನ್ನು ಹೇಗೆ ತಗೊಳ್ಳೋದು’ ಎಂದು ಕೇಳಿದಂತಾಗುತ್ತದೆ. ಅದೂ ಅಲ್ಲದೆ ದೋಷ ಹುಡುಕುವುದಾದರೆ ಜಾಗಕ್ಕೆ ಹೋಗಬೇಕು, ಕೂತಲ್ಲಿ ಕೂತು ಹುಡುಕಬಾರದು ಎಂಬುದು ಅವರ ಹಳೆಯ ಪಾಠ. ಸರಿಹೋದ ಕಂಪ್ಯೂಟರ್ ಹೇಗೆ ಏಳುತ್ತದೆ ಎಂದು ಕಣ್ಣಾರೆ ನೋಡಿದರೆ ತಮ್ಮದರಲ್ಲಿ ಏನಿಲ್ಲ ಎಂದು ತಿಳಿದೀತು. ತೋಟದಿಂದ ಒಂದಿಷ್ಟು ಸೇವಂತಿಗೆ ಹೂವು ಚೀಲಕ್ಕೆ ಹಾಕಿಸಿಕೊಂಡು ಬಸ್ಸು ಹತ್ತಿದರು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಉದಯಕುಮಾರನದು ಝೆರಾಕ್ಸ್ ಅಂಗಡಿ. ಜನರ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವುದೂ ಅಲ್ಲೇ. ಹೋದಾಗ ಅವನು ಗಿರಾಕಿಗಳ ಆಧಾರ್ ಕಾರ್ಡುಗಳನ್ನು ಝೆರಾಕ್ಸ್ ಯಂತ್ರಕ್ಕೆ ಕೊಡುತ್ತಿದ್ದ. ಕಂಪ್ಯೂಟರಿನ ಎದುರು ಸ್ಟೂಲಿನ ಮೇಲೆ ಅವನ ತಾಯಿ ಆದಿಲಕ್ಷ್ಮಮ್ಮ ಮಡಿಲಿನಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಅಂಗಡಿಯೆಲ್ಲ ಅವರೆಯ ಸೊಗಡು. ನಾಲ್ಕು ಕಾಯಿ ಸುಲಿಯುವುದು, ಮೊಣಕೈಯಿಂದ ಮೌಸನ್ನು ಒಮ್ಮೆ ತಳ್ಳುವುದು, ಮತ್ತೆ ಕಾಯಿ ಸುಲಿಯುವುದು. ಜಯರಾಮಪ್ಪನವರು ಅದನ್ನು ನೋಡಿದರು. ಮುದುಕರಿಗೆ ಒಂದೊಂದು ಅಭ್ಯಾಸವಿರುತ್ತದೆ ಅಂದುಕೊಂಡರು.

“ಬನ್ನಿ ಸಾರ್, ಬನ್ನಿ. ಅಮ್ಮಾ, ಇವ್ರೇ ಕಣಮ್ಮ ಜಯರಾಮಪ್ಪ ಸಾರು. ನಮ್ಮ ಕಂಪ್ಯೂಟರ್ ಸರಿ ಮಾಡ್ಕೊಟ್ಟೋರು.”

ಆದಿಲಕ್ಷ್ಮಮ್ಮ ಹೂವಿನ ಚೀಲವನ್ನು ನೋಡಿದರು, ಮಗನನ್ನು ನೋಡಿದರು. “ಇದನ್ನಾ? ಎಲ್ಲಿ ಸರಿ...”

“ಅಮ್ಮಾ, ಕಾಫಿ ಹೇಳ್ಬಿಟ್ಟು ಬಾರಮ್ಮ.”

“ನಾನು ಎದ್ದೋದ್ರೆ ಇದನ್ನ ಯಾರಪ್ಪ ನೋಡ್ಕೊಳ್ಳೋರು?”

“ನಾನಿದ್ದೀನಲ್ಲ, ಹೋಗು.” ಉದಯಕುಮಾರ್ ತಾಯಿಯ ಜಾಗದಲ್ಲಿ ಕೂತ. ಕೂತವನೇ ಮೌಸನ್ನು ಒಮ್ಮೆ ತಳ್ಳಿದ.

“ಒಂದ್ಸಲ ಮಲಗಿಸಿ ಎಬ್ಬಿಸಪ್ಪ ಉದಯ. ನೋಡ್ಬೇಕಿತ್ತು.”

“ಈಗಲಾ ಸಾರ್? ಅರ್ಜಿ ಅಪ್‌ಲೋಡ್ ಆಗ್ತಾ ಇದೆ. ಈಗ ಇದನ್ನ ಮಲಗಿಸಿದ್ರೆ ಹೊರಗೆ ನಿಂತಿರೋ ಜನ ನನ್ನ ಮಲಗಿಸ್ತಾರೆ.”

ಹೊರಗೆ ನಿಂತವರು ನಕ್ಕರು. ಕಾಫಿ ಬಂತು. ಕಾಫಿಯ ನಂತರ ವಡೆ ಬಂತು. ಅಪ್‌ಲೋಡ್ ಮುಗಿದ ಹಾಗೆ ಕಾಣಲಿಲ್ಲ. ಎದ್ದು ಹೊರಟಾಗ ಉದಯಕುಮಾರ್ ಬಸ್‌ಸ್ಟ್ಯಾಂಡಿನ ತನಕ ಬಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವ ತನಕ ನಿಂತಿದ್ದ. ಇಷ್ಟು ಮರ್ಯಾದೆ ಕೊಡುವ ಹುಡುಗ ಕಂಪ್ಯೂಟರ್ ಒಂದನ್ನು ಯಾಕೆ ತೋರಿಸಲಿಲ್ಲ ಎಂಬುದು ಚಿಂತಾಮಣಿ ಮುಟ್ಟುವ ತನಕವೂ ಅವರಿಗೆ ಬಗೆಹರಿಯಲಿಲ್ಲ.

ಚಿಂತಾಮಣಿಯ ಮೋಹನ್‌ಬಾಬುವಿನದು ಬೀಜ, ಗೊಬ್ಬರದ ಅಂಗಡಿ. ಗಲ್ಲಾದ ಪಕ್ಕದ ಕಂಪ್ಯೂಟರಿನ ಪರದೆ ತುಂಬ ಬಣ್ಣ ಬಣ್ಣದ ಮೀನುಗಳು ಈಜುತ್ತಿದ್ದವು. ಬಿಲ್ಲು ಹಾಕುವಾಗ ಮೋಹನ್‌ಬಾಬು ಮೀನುಗಳನ್ನು ಬದಿಗೆ ಸರಿಸುತ್ತಿದ್ದ, ಬಿಲ್ಲು ಮುಗಿದ ಮೇಲೆ ಮತ್ತೆ ಮುಂದಕ್ಕೆ ತರುತ್ತಿದ್ದ.

“ಇದೇನಪ್ಪಾ ಮೀನು?” ಎಂದರು ಜಯರಾಮಪ್ಪ.

“ವಿಡಿಯೋ ಸಾರ್. ಗಿರಾಕಿಗಳಿಗೆ ಕಣ್ಣಿಗೆ ತಂಪು.”

ಟೊಮ್ಯಾಟೊ ಬೀಜಕ್ಕೆ ಬಂದಿದ್ದ ಗಡಿಯ ಕಡೆಯ ರೈತನೊಬ್ಬ ತೆಲುಗಿನಲ್ಲಿ, “ಈ ಚೇಪಲಕಿ ನಿದ್ರೇ ಲೇದಾ ಮೋಹನಾ?” ಎಂದ. ಈ ಮೀನುಗಳಿಗೆ ನಿದ್ದೆಯೇ ಇಲ್ಲವೇ ಎಂದು ಅವನು ಕೇಳಿದ್ದು ತಮಾಷೆಗೆ. “ಯಾವಾಗ ಬಂದ್ರೂ ಈಜ್ತಾನೇ ಇರ್ತಾವೆ ಸ್ವಾಮಿ,” ಎಂದು ಜಯರಾಮಪ್ಪನವರಿಗೂ ಹೇಳಿದ. ಮೋಹನ್‌ಬಾಬು ನಗಲಿಲ್ಲ.

“ಮೀನು ನಿಲ್ಲಿಸಿ ಒಂದ್ಸಲ ಮಲಗಿಸಪ್ಪ. ಹೇಗೆ ಏಳುತ್ತೆ ನೋಡ್ಬೇಕು.”

“ನೋಡಿ ಸಾರ್, ಅದಕ್ಕೇನು.” ಮೋಹನ್‌ಬಾಬು ಕುರ್ಚಿ ಸರಿಮಾಡಿಕೊಂಡ. ಒಂದು ಫೈಲು ತೆಗೆದ, ಮುಚ್ಚಿದ. ಇನ್ನೊಂದು ತೆಗೆದ. “ಸ್ವಲ್ಪ ನಿಧಾನ ಸಾರ್ ಇದು,” ಎಂದ. ಅಷ್ಟರಲ್ಲಿ ಕರೆಂಟು ಹೋಯಿತು. ಮೀನುಗಳೆಲ್ಲ ಒಟ್ಟಿಗೆ ಮಾಯವಾದವು.

“ಅಯ್ಯೋ, ಹೋಯ್ತಲ್ಲ ಸಾರ್,” ಎಂದ ಮೋಹನ್‌ಬಾಬು. ಮುಖದಲ್ಲಿ ಏನೋ ಭಾರ ಇಳಿದ ಹಾಗಿತ್ತು. ಕರೆಂಟು ಹೋದದ್ದಕ್ಕೆ ನೆಮ್ಮದಿಪಟ್ಟ ಅಂಗಡಿಯವನನ್ನು ಜಯರಾಮಪ್ಪನವರು ನೋಡಿದ್ದು ಅದೇ ಮೊದಲು.

ಸಂಜೆ ಮನೆಗೆ ಬಂದು ಚೀಲ ಕೆಳಗಿಟ್ಟರು. ಹೂವಿನ ಬದಲು ಅದರಲ್ಲಿ ಈಗ ಉದಯಕುಮಾರ್ ಕೊಟ್ಟ ಅವರೆಕಾಯಿ, ಮೋಹನ್‌ಬಾಬು ಕೊಟ್ಟ ಹೀರೆ ಬೀಜದ ಪೊಟ್ಟಣ ಇದ್ದವು.

“ಎದ್ದಿದ್ದು ನೋಡಿದ್ರಾ?” ಎಂದರು ನಾರಾಯಣಮ್ಮ.

“ಇಲ್ಲ.”

“ಮಲಗಿದ್ದು?”

“ಅದೂ ಇಲ್ಲ.”

“ಮತ್ತೆ ಬೆಳಿಗ್ಗೆಯಿಂದ ಏನ್ ನೋಡ್ಕೊಂಡ್ ಬಂದ್ರಿ?”

“ಒಬ್ರ ಅಂಗಡೀಲಿ ಅಜ್ಜಿ ಮೌಸ್ ತಳ್ತಾ ಇದ್ರು. ಇನ್ನೊಂದು ಕಡೆ ಮೀನು ಈಜ್ತಾ ಇದ್ವು.”

ನಾರಾಯಣಮ್ಮ ಅವರೆಕಾಯಿಯನ್ನು ತಟ್ಟೆಗೆ ಸುರಿದುಕೊಂಡರು. “ಹೋದ ತಿಂಗಳು ನಿಮ್ಮ ತಂಗಿ ಮನೇಲಿ ಬಿಸಿಬೇಳೆ ಬಾತು ಬಾಳ ಚೆನ್ನಾಗಿದೆ ಅಂತ ಎರಡ್ ಸಲ ಹಾಕಿಸ್ಕೊಂಡ್ರಿ. ಬಸ್ಸು ಹತ್ತಿದ ಮೇಲೆ ಏನಂದ್ರಿ?”

“ಉಪ್ಪು ಜಾಸ್ತಿ ಆಗಿತ್ತು ಅಂದೆ. ಅದಕ್ಕೂ ಇದಕ್ಕೂ ಏನೇ ಸಂಬಂಧ?”

“ನನಗೇನ್ ಗೊತ್ತು. ಕಂಪ್ಯೂಟರ್ ಕಲ್ತೋರು ನೀವು.”

ಹೆಂಡತಿಯ ಮಾತು ಕಿವಿಯಲ್ಲಿ ಉಳಿಯಿತು, ಒಳಗಿಳಿಯಲಿಲ್ಲ. ಊಟ ಬೇರೆ, ಕಂಪ್ಯೂಟರ್ ಬೇರೆ. ಚೆನ್ನಾಗಿದೆ ಎನ್ನುವುದು ಉಪಚಾರ, ಸರಿ ಹೋಯ್ತು ಎನ್ನುವುದು ಸಂಗತಿ. ಸಂಗತಿಯ ವಿಷಯದಲ್ಲಿ ಜನ ಯಾಕೆ ಸುಳ್ಳು ಹೇಳುತ್ತಾರೆ? ಅದರಿಂದ ಯಾರಿಗೆ ಏನು ಸಿಗುತ್ತದೆ?

ಶನಿವಾರ ಗೌರಿಬಿದನೂರಿಗೆ ಹೋದರು. ಮಂಚೇನಹಳ್ಳಿ ದಾಟುವ ತನಕ ನಿಂತೇ ಹೋಗಬೇಕಾಯಿತು. ಆಶಾರಾಣಿ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಕಡಿಮೆ. ಬಳಗದಲ್ಲಿ ಬರೆದಷ್ಟೇ ಪರಿಚಯ, ಮುಖ ನೋಡಿದ್ದು ಅಂದೇ. ವಕೀಲರು ಹೊರಗೆ ಹೋಗಿದ್ದರು. ಆಕೆಯೂ ಕಾಫಿ ತರಿಸಲು ಎದ್ದಳು.

“ಕಾಫಿ ಬೇಡಮ್ಮ,” ಎಂದರು ಜಯರಾಮಪ್ಪ. “ನಿನ್ನೆಯಿಂದ ಬರೀ ಕಾಫಿನೇ ಆಗಿದೆ. ನನ್ನ ಕಂಪ್ಯೂಟರ್ ಏಳ್ತಾ ಇಲ್ಲ. ನಾನೇ ಕೊಟ್ಟ ಸಾಲು, ನಿಮಗೆಲ್ಲಾ ಆಗಿದೆ, ನನಗೆ ಆಗ್ತಾ ಇಲ್ಲ. ಸೋಮವಾರ ಇಸ್ಕೂಲಲ್ಲಿ ಎಲ್ಲಾ ಕಂಪ್ಯೂಟರಿಗೂ ಹಾಕಿಸ್ತಾರೆ, ನನ್ನ ಮಾತಿನ ಮೇಲೆ. ಹಳೇದನ್ನ ಅಳಿಸಿಬಿಡ್ತಾರೆ. ನೀವು ಏನು ಮಾಡಿದ್ರಿ ಅಂತ ಸ್ವಲ್ಪ ತೋರಿಸಮ್ಮ.”

ಆಶಾರಾಣಿ ಬಾಗಿಲ ಹತ್ತಿರವೇ ನಿಂತಳು. ನಂತರ ಬಂದು ತನ್ನ ಕುರ್ಚಿಯಲ್ಲಿ ಕೂತು, ತೆರೆದಿದ್ದ ಫೈಲನ್ನು ಉಳಿಸಿ ಮುಚ್ಚಿ, ಕಂಪ್ಯೂಟರನ್ನು ಮಲಗಿಸಿದಳು. ಪರದೆ ಕಪ್ಪಾಯಿತು. ಮೌಸ್ ಅಲ್ಲಾಡಿಸಿದಳು. ಕೀಲಿ ಒತ್ತಿದಳು. ಕಪ್ಪಾಗಿಯೇ ಇತ್ತು. ಜಯರಾಮಪ್ಪನವರು ನಿನ್ನೆ ಬೆಳಿಗ್ಗೆ ತಮ್ಮ ಮನೆಯಲ್ಲಿ ಕಂಡದ್ದೇ ಕಪ್ಪು, ಫ್ಯಾನಿನ ಸದ್ದೂ ಅದೇ.

“ಯಾವಾಗಿಂದಮ್ಮ?”

“ಮೊದಲಿಂದಲೂ ಸಾರ್. ಸರಿ ಹೋಗಿರಲೇ ಇಲ್ಲ.”

“ಸರಿ ಹೋಯ್ತು ಅಂತ ಬರೆದ್ರಲ್ಲ?”

“ನೀವು ಒಂದು ವಾರ ನನಗೋಸ್ಕರ ಹುಡುಕಿದ್ರಿ ಸಾರ್. ಕಣ್ಣು ಆಪರೇಶನ್ ಆಗಿದೆ, ಆದರೂ ನಿಮ್ಮದು ಎಬ್ಬಿಸದೆ ಬಿಡಲ್ಲಮ್ಮ ಅಂತ ಬರೆದ್ರಿ. ಅಷ್ಟು ವಯಸ್ಸಾದೋರು, ನೀರು ಸುರಿಯೋ ಕಣ್ಣಲ್ಲಿ ಹುಡುಕಿ ಕೊಟ್ಟಿದ್ದಾರೆ. ಆಗಲಿಲ್ಲ ಅಂತ ಹೇಗೆ ಬರೀಲಿ? ಬರೆದ್ರೆ ಮತ್ತೆ ಕೂತು ಹುಡುಕ್ತೀರಿ. ಅದಕ್ಕೇ ಸಾಕು ಅಂತ ಹಾಗೆ ಬರೆದೆ.”

“ಉದಯಕುಮಾರ್ ಬರೆದಿದ್ದಾನಲ್ಲ? ಮೋಹನ್‌ಬಾಬು?”

“ಅವರಿಗೆ ನಿಜವಾಗ್ಲೂ ಆಗಿರ್ಬೇಕು ಅಂದ್ಕೊಂಡೆ ಸಾರ್. ನನ್ನ ಕಂಪ್ಯೂಟರ್ ಒಂದೇ ಏನೋ ದರಿದ್ರ ಇರ್ಬೇಕು ಅಂತ.”

ಜಯರಾಮಪ್ಪನವರಿಗೆ ಅಜ್ಜಿಯ ಮೊಣಕೈ ನೆನಪಾಯಿತು. ಮೀನುಗಳು ನೆನಪಾದವು. ಕಂಪ್ಯೂಟರ್ ಮಲಗದಂತೆ ಕಾಯುವ ಉಪಾಯ ಅವೆರಡೂ. ಆಶಾರಾಣಿ ಸರಿ ಹೋಯ್ತು ಎಂದಳು. ಆಕೆಯನ್ನು ನಂಬಿ ಉದಯಕುಮಾರ್ ತನ್ನದರಲ್ಲೇ ದೋಷವಿದೆ ಎಂದುಕೊಂಡು ತಾನೂ ಸರಿ ಹೋಯ್ತು ಎಂದ. ಇಬ್ಬರನ್ನೂ ನಂಬಿ ಮೋಹನ್‌ಬಾಬು. ಎಲ್ಲರನ್ನೂ ನಂಬಿ ತಾನು. ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಕಪ್ಪು ಪರದೆ, ಒಬ್ಬೊಬ್ಬರಿಗೂ ಅದು ತಮ್ಮದೊಂದೇ. ಇಷ್ಟು ಅರ್ಥವಾದ ಮೇಲೂ ತಲೆ ತಿಳಿಯಾಗಲಿಲ್ಲ. ಬದಲಿಗೆ ಇನ್ನೊಂದು ಗೊಂದಲ ಶುರುವಾಯಿತು. ಈ ಎರಡು ವರ್ಷದಲ್ಲಿ ಎಷ್ಟೋ ಜನಕ್ಕೆ ಉತ್ತರ ಬರೆದಿದ್ದೀನಿ. ಒಬ್ಬರ ಪ್ರಿಂಟರು, ಇನ್ನೊಬ್ಬರ ವೈಫೈ, ಮತ್ತೊಬ್ಬರ ಸದ್ದು ಬಾರದ ಸ್ಪೀಕರು. ಎಲ್ಲದಕ್ಕೂ ಹಸಿರು ಟಿಕ್ ಬಿದ್ದಿದೆ. ಅವುಗಳಲ್ಲಿ ಸರಿ ಹೋದದ್ದು ಎಷ್ಟು?

ಆಶಾರಾಣಿಗೆ ಅವರ ಮುಖ ನೋಡಿ ಗಾಬರಿಯಾಯಿತು. “ಸಾರ್, ಕನ್ನಡ ಟೈಪಿಂಗ್ ನೀವು ಹೇಳ್ಕೊಟ್ರಲ್ಲ, ಅದು ನಿಜವಾಗ್ಲೂ ಸರಿ ಹೋಯ್ತು ಸಾರ್.”

“ಈಗ ಅದನ್ನ ಹೇಗೆ ನಂಬೋದಮ್ಮ?”

ಆಕೆ ಸ್ವಿಚ್ಚು ಆರಿಸಿ, ಹಾಕಿ, ಕಂಪ್ಯೂಟರ್ ಶುರುವಾಗುವ ತನಕ ಕಾದು, ಖಾಲಿ ಪುಟ ತೆರೆದಳು. ಬೆರಳು ಓಡಿಸಿದಳು. ‘ಗೌರಿಬಿದನೂರು ತಾಲ್ಲೂಕು, ಸದರಿ ಸ್ವತ್ತಿನ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಮುನಿವೆಂಕಟಪ್ಪನವರ ಜಮೀನು’ ಎಂಬ ಸಾಲು ಒತ್ತಕ್ಷರಗಳೆಲ್ಲ ನೆಟ್ಟಗೆ ಕೂತು ಪರದೆಯ ಮೇಲೆ ಮೂಡಿತು. ಜಯರಾಮಪ್ಪನವರು ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು.

“ಈಗ ಕಾಫಿ ತರಿಸಮ್ಮ,” ಎಂದರು.

ಊರಿಗೆ ಬಂದವರು ಅಂಗಳದಲ್ಲೇ ನಿಂತು ಮಾಲಾ ಮೇಡಂಗೆ ಫೋನು ಮಾಡಿದರು.

“ಮೇಡಂ, ಸೋಮವಾರ ಎಲ್ಲಾ ಕಂಪ್ಯೂಟರಿಗೂ ಹಾಕಿಸ್ಬೇಡಿ. ನಾನು ಕೊಟ್ಟ ಮಾತು ವಾಪಸ್ ತಗೊಳ್ತಾ ಇದ್ದೀನಿ. ಅದು ಯಾರದೂ ಎದ್ದಿಲ್ಲ.”

“ಬಳಗದಲ್ಲಿ ಎಲ್ಲರದೂ ಆಗಿದೆ ಅಂದ್ರಲ್ಲ ಸಾರ್?”

“ಅಂದೆ. ಅವರು ನನಗೆ ಹಾಗೇ ಹೇಳಿದ್ರು.”

“ಯಾಕೆ ಹಾಗೆ ಹೇಳಿದ್ರು?”

ಜಯರಾಮಪ್ಪನವರು ಯೋಚಿಸಿದರು. “ಒಳ್ಳೆಯವರು ಮೇಡಂ.”

ಮೇಡಂ ಹೇಳಿದರು, “ಸರಿ. ಒಂದನ್ನ ಮಾತ್ರ ಬಿಟ್ಕೊಡ್ತೀನಿ, ಸೋಮವಾರ ಬನ್ನಿ. ಮಿಕ್ಕಿದ್ದನ್ನ ಮುಟ್ಟಲ್ಲ. ಆದರೆ ಸಾರ್, ತಿಂಗಳುಗಟ್ಟಲೆ ಕಾಯೋಕಾಗಲ್ಲ. ಅದೊಂದು ಎದ್ದರೆ ಹಾಕ್ಸೋದು, ಇಲ್ಲಾಂದ್ರೆ ಲಿನಕ್ಸ್ ಮಾತೇ ಬಿಟ್ಬಿಡಣ.”

ಭಾನುವಾರ ಬೆಳಿಗ್ಗೆ ಅವರು ಬಳಗದಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆ ಹಾಕಿದರು. ‘ನನ್ನ ಕಂಪ್ಯೂಟರ್ ಮಲಗಿದರೆ ಏಳುತ್ತಿಲ್ಲ. ಮೇಲೆ ಪಿನ್ ಆಗಿರುವ ನನ್ನದೇ ಸಾಲನ್ನು ಹಾಕಿದ್ದೇನೆ. ಆಗಿಲ್ಲ. ಗೊತ್ತಿದ್ದವರು ಹೇಳಿ.’ ಆಶಾರಾಣಿಯ ಹೆಸರು ಬರೆಯಲಿಲ್ಲ, ಅಜ್ಜಿಯದಾಗಲಿ ಮೀನಿನದಾಗಲಿ ಸುದ್ದಿ ಎತ್ತಲಿಲ್ಲ.

ಎಷ್ಟೋ ಹೊತ್ತು ಯಾರೂ ಏನೂ ಬರೆಯಲಿಲ್ಲ. ಓದುತ್ತಿದ್ದಾರೆ ಎಂಬುದು ಮಾತ್ರ ಕಾಣುತ್ತಿತ್ತು. ಕೊನೆಗೆ ಯಾರೋ ಒಬ್ಬರು, ‘ನಿಮ್ಮಂಥವರದು ಸರಿ ಹೋಗೇ ಹೋಗುತ್ತೆ ಸಾರ್, ಧೈರ್ಯವಾಗಿರಿ’ ಎಂದು ಕೈಮುಗಿದ ಚಿತ್ರ ಹಾಕಿದರು. ಜ್ವರ ಬಂದವರಿಗೆ ಹೇಳುವ ಮಾತು. ಜಯರಾಮಪ್ಪನವರಿಗೆ ನಗು ಬಂತು. ನಂತರ ಆಶಾರಾಣಿ ಬರೆದಳು: ‘ನನ್ನದು ಆಗಿಲ್ಲ. ಅವತ್ತೂ ಆಗಿರಲಿಲ್ಲ. ಸರಿ ಹೋಯ್ತು ಅಂತ ಮೊದಲು ಬರೆದವಳು ನಾನೇ.’ ಅದರ ಕೆಳಗೆ ಉದಯಕುಮಾರ್: ‘ನಮ್ಮದೂ ಆಗಿಲ್ಲ ಸಾರ್. ಅಂಗಡೀಲಿ ಅಮ್ಮ ಕೂತ್ಕೊಂಡು ಮೌಸ್ ಅಲ್ಲಾಡಿಸ್ತಾ ಇರ್ತಾರೆ. ದಿನಾ.’ ಮೋಹನ್‌ಬಾಬು ಮೀನುಗಳ ಒಂದು ಫೋಟೋ ಹಾಕಿದ. ಬಳಗ ಸ್ವಲ್ಪ ಹೊತ್ತು ನಗೆಯ ಚಿತ್ರಗಳಿಂದ ತುಂಬಿಹೋಯಿತು. ಮೇಲಿದ್ದ ಪಿನ್ ಯಾವಾಗಲೋ ಮಾಯವಾಗಿತ್ತು.

ಆಮೇಲೆ ಉದಯಕುಮಾರನೇ ಕೇಳಿದ: ‘ಸಾರ್, ನಿಮ್ಮದು ಯಾವ ಆವೃತ್ತಿ? ಯಾವ ಗ್ರಾಫಿಕ್ಸ್ ಕಾರ್ಡು?’

ಇದು ಅವರು ಬಂದವರನ್ನೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ. ತಮ್ಮದು ಯಾವುದು ಎಂದು ಅವರಿಗೇ ಗೊತ್ತಿರಲಿಲ್ಲ. ಹುಡುಕಿ ಬರೆದರು. ಆಶಾರಾಣಿ ತನ್ನದನ್ನು ಬರೆದಳು, ಮೋಹನ್‌ಬಾಬು ಬರೆದ. ಪಕ್ಕಪಕ್ಕ ಇಟ್ಟು ನೋಡಿದರೆ, ಪರದೆಗೆ ಚಿತ್ರ ಕಳಿಸುವ ಆ ಗ್ರಾಫಿಕ್ಸ್ ಕಾರ್ಡು ಎಲ್ಲರದೂ ಒಂದೇ. ಜಯರಾಮಪ್ಪನವರು ಅಂದು ಹುಡುಕಿ ತಂದಿದ್ದ ಸಾಲು ಬೇರೆ ಯಾವುದೋ ಕಾರ್ಡಿಗೆ ಸೇರಿದ್ದು. ಉದಯಕುಮಾರ್ ಅಂಗಡಿಗೆ ರಜೆ ಇದ್ದ ಆ ದಿನವೆಲ್ಲ ಕೂತು, ಈ ಕಾರ್ಡಿನವರು ಎಲ್ಲಿ ಏನು ಮಾತಾಡಿದ್ದಾರೆಂದು ಓದಿ, ಸಂಜೆ ಹೊತ್ತಿಗೆ ಇನ್ನೊಂದು ಸಾಲು ಕಳಿಸಿದ. ‘ನಮ್ಮದರಲ್ಲಿ ಇನ್ನೂ ಹಾಕಿಲ್ಲ ಸಾರ್, ನಾಳೆ ಗಿರಾಕಿಗಳು ಬರ್ತಾರೆ, ಭಯ. ನೀವು ಇಸ್ಕೂಲಿನದರಲ್ಲಿ ನೋಡಿ,’ ಎಂದು ಬರೆದಿದ್ದ.

ಸೋಮವಾರ ಶಾಲೆಯ ಲ್ಯಾಬಿನಲ್ಲಿ ಮೊದಲೇ ಲಿನಕ್ಸ್ ಹಾಕಿ ನೋಡಿದ್ದ ಬಾಗಿಲ ಪಕ್ಕದ ಕಂಪ್ಯೂಟರನ್ನು ಅವರಿಗೆ ಬಿಟ್ಟುಕೊಟ್ಟರು. ಹೊಸ ಸಾಲು ಸೇರಿಸಿ, ಜಯರಾಮಪ್ಪನವರು ಮತ್ತೆ ಕೈಕಟ್ಟಿ ಕೂತರು. ಮಾಲಾ ಮೇಡಂ ಪಕ್ಕದಲ್ಲಿ ನಿಂತಿದ್ದರು. ಪರದೆ ಮಂಕಾಯಿತು, ಕಪ್ಪಾಯಿತು. ಮೌಸ್ ಅಲ್ಲಾಡಿಸಿದರು.

ಪರದೆ ಬೆಳಗಿತು. ಬಿಟ್ಟ ಕಡೆಯೇ ಎಲ್ಲವೂ ಇತ್ತು.

“ಎದ್ದಿತಲ್ಲ ಸಾರ್,” ಎಂದರು ಮೇಡಂ.

“ಇರಿ ಮೇಡಂ.” ಇನ್ನೊಮ್ಮೆ ಮಲಗಲು ಬಿಟ್ಟರು. ಕಪ್ಪಾಯಿತು. ಅಲ್ಲಾಡಿಸಿದರು. ಈ ಸಲ ಏಳಲಿಲ್ಲ. ಸ್ವಿಚ್ಚು ಆರಿಸಿ ಹಾಕಿ ಮತ್ತೆ ನೋಡಿದರು. ಎದ್ದಿತು. ಅದರ ನಂತರದ ಸಲ ಏಳಲಿಲ್ಲ. ಒಮ್ಮೆ ಏಳುವುದಕ್ಕೂ ಮತ್ತೊಮ್ಮೆ ಏಳದಿರುವುದಕ್ಕೂ ನಡುವೆ ಏನು ಬದಲಾಯಿತು ಎಂದು ಅವರಿಗೆ ತಿಳಿಯಲಿಲ್ಲ. ಮೇಡಂಗೂ ತಿಳಿಯಲಿಲ್ಲ.

“ಇದಕ್ಕೆ ನಾನು ಏನಂತ ತಿಳ್ಕೊಳ್ಳಲಿ?” ಎಂದರು ಮೇಡಂ. “ಆಯ್ತು ಅಂತಲಾ, ಆಗಲಿಲ್ಲ ಅಂತಲಾ?”

“ನನಗೂ ಗೊತ್ತಾಗ್ತಾ ಇಲ್ಲ. ಆದರೆ ಮೊದಲು ಒಂದ್ಸಲವೂ ಏಳ್ತಾ ಇರಲಿಲ್ಲ.”

ಮೇಡಂ ಮಿಕ್ಕ ಕಂಪ್ಯೂಟರುಗಳ ಕಡೆ ನೋಡಿದರು. ಹಳೆಯ ವಿಂಡೋಸಿನಲ್ಲಿ ಅವು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. “ಈ ವಾರ ಇದು ಇಲ್ಲೇ ಇರ್ಲಿ,” ಎಂದು ತರಗತಿಗೆ ಹೋದರು.

ಫೋನು ಸದ್ದು ಮಾಡಿತು. ಬಳಗದಲ್ಲಿ ಉದಯಕುಮಾರ್. ‘ಸರಿ ಹೋಯ್ತಾ ಸಾರ್?’

ರಜೆಯ ದಿನವೆಲ್ಲ ಕೂತು ಹುಡುಕಿದ್ದಾನೆ. ಬಸ್‌ಸ್ಟ್ಯಾಂಡಿನ ತನಕ ಬಂದು ಸೀಟು ಹಿಡಿದುಕೊಟ್ಟ ಹುಡುಗ. ಜಯರಾಮಪ್ಪನವರ ಹೆಬ್ಬೆರಳು ತಾನಾಗಿ ‘ಸ’ ಒತ್ತಿತು. ಫೋನು ತಾನೇ ಮುಂದಿನ ಅಕ್ಷರಗಳನ್ನು ಊಹಿಸಿ, ‘ಸರಿ ಹೋಯ್ತು’ ಎಂದು ಕೆಳಗೆ ತೋರಿಸಿತು. ಒಂದು ಸಲ ಮುಟ್ಟಿದರೆ ಸಾಕಿತ್ತು.

ಅವರು ಆ ‘ಸ’ ಅಳಿಸಿದರು.

‘ಇಲ್ಲ ಕಣಪ್ಪ ಉದಯ,’ ಎಂದು ಬರೆದರು. ‘ಒಂದು ಸಲ ಎದ್ದಿತು, ಇನ್ನೊಂದು ಸಲ ಏಳಲಿಲ್ಲ. ಯಾಕೆ ಅಂತ ಗೊತ್ತಿಲ್ಲ. ಮುಂದೆ ಏನು ಮಾಡಣ?’